ಕೆಳಮನೆಯಲ್ಲಿ ಇಳಿದುಕೊಂಡವರು

ಮೇಲ್ಮನೆಯಕ್ಕನಿಗೆ ಹೊಟ್ಟೆಕಿಚ್ಚು ಹುಟ್ಟುಗುಣ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಆಕೆಯೇ ಹೇಳಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ಹಸು ಒಂದು ಲೋಟ ಹಾಲು ಜಾಸ್ತಿ ಕೊಟ್ಟರೆ ಆಕೆಗೆ ಅವತ್ತು ಊಟ ಸೇರುತ್ತಿರಲಿಲ್ಲ. ಆಚೆಮನೆಯವರು ಕಿಟಕಿಗೆ ಹೊಸ ಪರದೆ ಹಾಕಿದರೆ ತನ್ನ ಮನೆಯ ಪರದೆಯಲ್ಲಿ ಅವತ್ತೇ ತೂತು ಕಾಣಿಸುತ್ತಿತ್ತು. "ನಂಗೆ ಹೊಟ್ಟೆ ಉರಿಯುತ್ತಪ್ಪ, ಏನ್ಮಾಡ್ಲಿ? ಕೆಲವ್ರಿಗೆ ಮಾತೆತ್ತಿದ್ರೆ ನೆಗಡಿ ಬರಲ್ವಾ, ಹಾಗೆ," ಎಂದು ನಕ್ಕುಬಿಡುತ್ತಿದ್ದಳು. ನಗುನಗುತ್ತ ಹೇಳಿಕೊಳ್ಳುವಷ್ಟು ಸಣ್ಣ ಕಾಯಿಲೆ ಅದು. ಅದು ಉಲ್ಬಣಿಸಿದ್ದು ಮೇಷ್ಟ್ರ ಸಂಸಾರ ಕೆಳಮನೆಯಲ್ಲಿ ಇಳಿದುಕೊಂಡ ವರ್ಷ.

ಊರು ಬೆಟ್ಟದ ಹೆಗಲ ಮೇಲಿದೆ. ಪೇಟೆಯಿಂದ ಬರುವ ರಸ್ತೆ ಕೊನೆಯ ತಿರುವಿನಲ್ಲಿ ಜೀಪು ತಿರುಗಿಸುವಷ್ಟು ಜಾಗ ಮಾಡಿಕೊಟ್ಟು, ಇನ್ನು ನನ್ನ ಕೈಲಾಗದು ಎಂದು ನಿಂತುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಬರೀ ಕಲ್ಲಿನ ಮೆಟ್ಟಿಲು. ಇರುವುದು ಒಂದೇ ಅಂಗಡಿ, ಅದೂ ಅಂಗಡಿಯವನಿಗೆ ಮನಸ್ಸು ಬಂದಾಗ ಬಾಗಿಲು ತೆರೆಯುತ್ತದೆ. ನೋಡಲು ಏನಿದೆ ಎಂದರೆ ಬೆಟ್ಟ ಇದೆ, ಅದರ ಹಿಂದೆ ಇನ್ನೊಂದು ಬೆಟ್ಟ ಇದೆ. ಇಷ್ಟನ್ನು ನೋಡಲು ಪೇಟೆಯವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಬರುತ್ತಾರೆ. ಬಂದವರು ಜೀಪಿನಿಂದ ಇಳಿದು ಸೊಂಟ ನೆಟ್ಟಗೆ ಮಾಡಿ, "ಅಬ್ಬಾ, ಎಷ್ಟು ನಿಶ್ಶಬ್ದ!" ಎಂದು ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗುತ್ತಾರೆ.

ಹೀಗೆ ಬರುವವರಿಗೆ ಊರಿನ ಒಂದೊಂದು ಮನೆಯಲ್ಲೂ ಒಂದೋ ಎರಡೋ ರೂಮು ಉಂಟು. ಆದರೆ ಈ ಊರಿಗೆ ಅತಿಥಿಗಳ ರುಚಿ ಹತ್ತಿಸಿದ್ದು ತಾನೇ ಎಂದು ಮೇಲ್ಮನೆಯಕ್ಕ ಹೇಳಿಕೊಳ್ಳುತ್ತಾಳೆ, ಅದು ಸುಳ್ಳೂ ಅಲ್ಲ. ಹಿಂದೆ ಒಂದು ಸಾಯಂಕಾಲ ಬೆಟ್ಟ ಸುತ್ತಲು ಬಂದು ಮಂಜಿನಲ್ಲಿ ದಾರಿ ತಪ್ಪಿಸಿಕೊಂಡ ಒಬ್ಬ ಹೊಸ ಮೇಷ್ಟ್ರು, ಹೊಸ ಹೆಂಡತಿ, ಜೊತೆಗೆ ತಾಯಿ, ಮೂವರೂ ನಡುಗುತ್ತ ಮೇಲ್ಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಆಕೆ ಆಲೂಗೆಡ್ಡೆ ಸುರಿದಿದ್ದ ಕೋಣೆಯನ್ನು ಗುಡಿಸಿ, ಮನೆಯ ಕಂಬಳಿಯನ್ನೆಲ್ಲ ಹಾಸಿ ಮಲಗಿಸಿದಳು. ಬೆಳಿಗ್ಗೆ ಮಂಜು ಸರಿದು ಕಿಟಕಿಯಲ್ಲಿ ಬೆಟ್ಟ ಕಾಣಿಸಿದಾಗ ಮೇಷ್ಟ್ರ ತಾಯಿ ಹಾಸಿಗೆಯಲ್ಲಿ ಎದ್ದು ಕೂತು, "ಇದನ್ನ ದಿನಾ ನೋಡ್ತೀಯಾ ನೀನು? ಪುಣ್ಯವಂತೆ," ಎಂದರು. ಅಲ್ಲಿಯತನಕ ಆಕೆಗೆ ಆ ಬೆಟ್ಟ ಬಿಸಿಲು ಬರದಂತೆ ಅಡ್ಡ ನಿಂತ ಒಂದು ಪೀಡೆಯಾಗಿತ್ತು. ಮಾರನೆಯ ವರ್ಷ ಅದೇ ಮೂವರು ತಾವಾಗಿ ಬಂದು, "ಆಲೂಗೆಡ್ಡೆ ರೂಮು ಖಾಲಿ ಇದ್ಯಾ ಅಕ್ಕ?" ಎಂದು ಕೇಳಿದರು. ಅಲ್ಲಿಂದ ಆಲೂಗೆಡ್ಡೆ ದನದ ಕೊಟ್ಟಿಗೆಗೆ ಹೋಯಿತು, ಕೋಣೆ ರೂಮಾಯಿತು, ಬಡಗಿಯಾದ ಗಂಡನ ಕೈಯಲ್ಲಿ ಪಕ್ಕಕ್ಕೆ ಇನ್ನೊಂದು ರೂಮೂ ಎದ್ದಿತು.

ಊರಿನಲ್ಲಿ ಒಂದು ಕಟ್ಟುಪಾಡು ತಾನಾಗಿ ಬೆಳೆದುಬಂತು. ಒಂದು ಮನೆಯಲ್ಲಿ ಒಮ್ಮೆ ಇಳಿದುಕೊಂಡ ಸಂಸಾರ ಆ ಮನೆಯದು. "ನಮ್ಮ ಜನ" ಎನ್ನುತ್ತಾರೆ. ನಮ್ಮ ಜನಕ್ಕೆ ಇನ್ನೊಬ್ಬರು ರೂಮು ತೋರಿಸುವುದಿರಲಿ, ಕರೆದು ಒಂದು ಲೋಟ ಟೀ ಕೊಟ್ಟರೂ ಅದು ಬಲೆ ಬೀಸಿದ ಲೆಕ್ಕ. ಚೀಲ ಮುಟ್ಟುವುದಂತೂ ಇಲ್ಲವೇ ಇಲ್ಲ. ಜೀಪಿನಿಂದ ಇಳಿದವರ ಚೀಲವನ್ನು ಯಾರು ಎತ್ತಿಕೊಳ್ಳುತ್ತಾರೋ ಆ ಜನ ಅವರ ಪಾಲು. ಇದಕ್ಕಾಗಿ ಮಾತು ಬಿಟ್ಟ ಮನೆಗಳು ಆ ಊರಿನಲ್ಲಿವೆ.

ಮೇಷ್ಟ್ರ ಸಂಸಾರ ಹಾಗೆ ಮೇಲ್ಮನೆಯಕ್ಕನ ಜನ. ಬೇರೆಯವರೂ ಬರುತ್ತಿದ್ದರು, ಹೋಗುತ್ತಿದ್ದರು; ಅವರ ಮುಖ ಜೀಪು ತಿರುಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಮೇಷ್ಟ್ರ ವಿಷಯ ಬೇರೆ. ಅವರ ಮಗಳು ಪುಟ್ಟಿ ಮೊದಲ ಹೆಜ್ಜೆ ಇಟ್ಟದ್ದು ಆಕೆಯ ಜಗಲಿಯ ಬೆಂಚು ಹಿಡಿದುಕೊಂಡು. ಆಕೆಯ ಇಬ್ಬರು ಹೆಣ್ಣುಮಕ್ಕಳೂ ಆಚೆ ಗುಡ್ಡಕ್ಕೇ ಮದುವೆಯಾಗಿ ವಾರ ವಾರ ಬಂದು ತಲೆ ತಿಂದು ಹೋಗುತ್ತಿದ್ದರು, ಮೊಮ್ಮಕ್ಕಳೂ ಇದ್ದರು, ಮಕ್ಕಳಿಗೆ ಬರವಿರಲಿಲ್ಲ. ಆದರೂ ಪುಟ್ಟಿ ಜೀಪಿನಿಂದ ಹಾರಿ ಇಳಿದು, "ದೊಡ್ಡಮ್ಮಾ!" ಎಂದು ಅರಚುತ್ತ ಮೆಟ್ಟಿಲು ಹತ್ತಿ ಬರುವ ಹೊತ್ತು ಬೇರೆಯೇ. ಊರೆಲ್ಲ ಅದನ್ನು ನೋಡುತ್ತಿತ್ತು. ಊರೆಲ್ಲ ನೋಡುತ್ತಿದೆ ಎನ್ನುವುದು ಆಕೆಗೂ ಗೊತ್ತಿತ್ತು. ಅವತ್ತು ಆಕೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕೆಳಮನೆ ಗಂಡನ ತಮ್ಮನದು. ಮನೆ ಪಾಲಾದಾಗ ಅಣ್ಣನಿಗೆ ಮೇಲಿನದು, ತಮ್ಮನಿಗೆ ಕೆಳಗಿನದು ಬಂತು. ಜೀಪು ನಿಲ್ಲುವ ಜಾಗಕ್ಕೆ ಮೊದಲು ಸಿಗುವ ಮನೆಯೇ ಅದು, ಹತ್ತಲು ಒಂದು ಮೆಟ್ಟಿಲೂ ಇಲ್ಲ. ಆದರೆ ಬೆಟ್ಟದ ಕಡೆಗೆ ಬಂಡೆ ಅಡ್ಡ ಬಂದು ಕಿಟಕಿಯಲ್ಲಿ ಏನೂ ಕಾಣುವುದಿಲ್ಲ. ಬೆಟ್ಟ ಕಾಣದ ಮನೆಗೆ ಅಷ್ಟು ದೂರದಿಂದ ಯಾರು ಬರುತ್ತಾರೆ? ವಾರಗಿತ್ತಿ ಒಂದು ರೂಮು ಸುಣ್ಣ ಹೊಡೆಸಿ ಇಟ್ಟಿದ್ದಳು. ಅದರೊಳಗೆ ಉಣ್ಣೆಯ ಮೂಟೆಗಳು ಇಳಿದುಕೊಂಡಿದ್ದವು. ಅವಳು ಮಾತು ಕಡಿಮೆಯ ಹೆಂಗಸು, ಅಕ್ಕನ ಎದುರಿಗೆ ಇನ್ನೂ ಕಡಿಮೆ. ಆ ಒಂದು ರೂಮಿನ ಬಗ್ಗೆ ಮೇಲ್ಮನೆಯಕ್ಕನಿಗೆ ಹೊಟ್ಟೆಕಿಚ್ಚಾಗಲು ಕಾರಣವೇ ಇರಲಿಲ್ಲ. ಹಾಗಾಗಿ ಅವರಿಬ್ಬರೂ ಚೆನ್ನಾಗಿದ್ದರು.

ಆ ವರ್ಷ ಚಳಿ ಮುಗಿಯುತ್ತಿದ್ದಂತೆ ಮೇಲ್ಮನೆಯಕ್ಕ ಎಂದಿನಂತೆ ಹಾಸಿಗೆ ಬಿಸಿಲಿಗೆ ಹಾಕಿದಳು, ಮಂಚದ ಕಾಲು ಅಲ್ಲಾಡುತ್ತದೆಯೇ ನೋಡಿದಳು, ಪುಟ್ಟಿಗೆಂದು ಬೆಣ್ಣೆ ಕೂಡಿಡತೊಡಗಿದಳು. ಗಂಡ ಮಾತ್ರ ಯಾಕೋ ಉಳಿ ಸುತ್ತಿಗೆ ಹಿಡಿದು ದಿನಾ ತಮ್ಮನ ಮನೆಗೆ ಇಳಿಯುತ್ತಿದ್ದ.

"ಅಲ್ಲೇನ್ರೀ ಅಷ್ಟು ಕೆಲ್ಸ?"

"ಬಾಗ್ಲು ಹಿಡ್ಕೊಳ್ತಿದೆ."

"ಎಷ್ಟು ಬಾಗ್ಲಿದೆ ಆ ಮನೇಲಿ?"

ಗಂಡ ಉಳಿಯ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲು ಇಳಿದ. ಎಂಥ ಗಂಟನ್ನಾದರೂ ಮಟ್ಟ ಮಾಡುವ ಆ ಬಡಗಿಗೆ ಹೆಂಡತಿಯ ಮುಖದ ಮೇಲಿನ ಗಂಟು ಕಂಡರೆ ಮಾತ್ರ ಕೈಕಾಲು ಆಡುವುದಿಲ್ಲ.

ಮೇಷ್ಟ್ರು ಬರಬೇಕಾದ ದಿನ ಜೀಪಿನ ಸದ್ದಾಯಿತು. ಮೇಲ್ಮನೆಯಕ್ಕ ಒದ್ದೆ ಕೈ ಒರೆಸಿಕೊಂಡು ಜಗಲಿಗೆ ಬಂದಳು. ಮೇಷ್ಟ್ರು ಇಳಿದರು. ಹೆಂಡತಿ ಇಳಿದರು. ಪುಟ್ಟಿ ಇಳಿದಳು, ಒಂದೇ ವರ್ಷಕ್ಕೆ ಎಷ್ಟು ಉದ್ದ ಆಗಿದ್ದಾಳೆ! ಅಜ್ಜಿಯನ್ನು ಇಬ್ಬರೂ ಎರಡು ಕಡೆ ಹಿಡಿದು ಇಳಿಸಿದರು. ಆಮೇಲೆ ಕೆಳಮನೆಯ ಬಾಗಿಲು ತೆರೆಯಿತು. ವಾರಗಿತ್ತಿ ಹೊರಗೆ ಬಂದಳು, ಮೇಷ್ಟ್ರ ಚೀಲಕ್ಕೆ ಕೈ ಹಾಕಿದಳು, ಎತ್ತಿಕೊಂಡಳು. ಎಲ್ಲರೂ ಅವಳ ಹಿಂದೆ ಒಳಗೆ ಹೋದರು.

ಸುಸ್ತಾಗಿದೆ, ಟೀ ಕುಡಿದು ಬರುತ್ತಾರೆ ಎಂದುಕೊಂಡಳು ಮೇಲ್ಮನೆಯಕ್ಕ. ಟೀ ಕೊಡುವುದೇ ತಪ್ಪು, ಇರಲಿ, ಅದನ್ನು ಆಮೇಲೆ ವಿಚಾರಿಸಿಕೊಂಡರಾಯಿತು. ಆಲೂಗೆಡ್ಡೆ ಬೇಯಿಸಿ ಬೆಣ್ಣೆ ಹಾಕಿ ಮುಚ್ಚಿಟ್ಟಳು. ಬಿಸಿ ಆರಿತು. ಇನ್ನೊಮ್ಮೆ ಬಿಸಿ ಮಾಡಿದಳು. ಅಷ್ಟರಲ್ಲಿ ಉಣ್ಣೆ ಮೂಟೆಯ ರೂಮಿನ ಕಿಟಕಿಯಲ್ಲಿ ಮೇಷ್ಟ್ರ ಹೆಂಡತಿ ಒದ್ದೆ ಟವೆಲು ಹರವಿದ್ದು ಕಾಣಿಸಿತು. ಟವೆಲು ಹರವಿದ ಮೇಲೆ ಇನ್ನೇನು ಉಳಿಯಿತು? ಆಕೆ ಗಂಡನನ್ನು ಹುಡುಕಿದಳು. ಗಂಡ ಮರ ನೋಡಿಕೊಂಡು ಬರುತ್ತೇನೆಂದು ಆಚೆ ಗುಡ್ಡಕ್ಕೆ ಹೋಗಿದ್ದ. ಸಂಜೆ ಬಂದವನು, "ನಂಗೇನೇ ಗೊತ್ತು? ಅವರವ್ರ ಇಷ್ಟ," ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಮೇಲ್ಮನೆಯಕ್ಕನಿಗೆ ನಿದ್ದೆಯೆಲ್ಲಿ ಬರಬೇಕು! ಬಾಯಿ ಸತ್ತವಳ ಹಾಗೆ ಇದ್ದುಕೊಂಡು ಎಂಥ ಕೆಲಸ ಮಾಡಿದಳಲ್ಲ ಇವಳು. ಯಾವಾಗ ಕರೆದಳು? ಏನೆಂದು ಕರೆದಳು? ನನ್ನ ಬಗ್ಗೆ ಏನೇನು ಉಪ್ಪುಖಾರ ಹಚ್ಚಿ ಹೇಳಿದಳು? ಬೆಟ್ಟ ಕಾಣದ ರೂಮಿಗೆ ಹೋಗಬೇಕಾದರೆ ನನ್ನ ರೂಮಿನಲ್ಲಿ ಏನು ಕೊರತೆ ಕಂಡಿತು ಅವರಿಗೆ?

ಬೆಳಿಗ್ಗೆ ಪುಟ್ಟಿ ಏದುಸಿರು ಬಿಡುತ್ತ ಓಡಿ ಬಂದಳು. "ದೊಡ್ಡಮ್ಮಾ! ನೀವ್ಯಾಕೆ ಬರ್ಲಿಲ್ಲ? ಅಜ್ಜಿ ಕರೀತಿದಾರೆ."

ಎಂದಿನಂತೆ ಬಾಚಿ ತಬ್ಬಿಕೊಳ್ಳಲು ಕೈ ಎದ್ದದ್ದು ಅಲ್ಲೇ ನಿಂತಿತು. "ಹೇಗಿದೆ ಅಲ್ಲಿ ಹಾಸಿಗೆ? ಮೆತ್ತಗಿದ್ಯಾ?"

"ಹ್ಞೂಂ! ಚಿಕ್ಕಮ್ಮನ ಮನೇಲಿ ಬೆಕ್ಕು ಮರಿ ಹಾಕಿದೆ. ನನ್ನ ಕಾಲ ಹತ್ರಾನೇ ಮಲ್ಕೊಳ್ಳುತ್ತೆ!"

ಚಿಕ್ಕಮ್ಮ. ಒಂದೇ ಒಂದು ರಾತ್ರಿಗೆ ಚಿಕ್ಕಮ್ಮ. ತಾನು ದೊಡ್ಡಮ್ಮ ಅನ್ನಿಸಿಕೊಳ್ಳಲು ಆ ಮಗುವಿನ ಎಷ್ಟು ಬಟ್ಟೆ ಒಗೆದಿರಲಿಲ್ಲ, ಎಷ್ಟು ಜ್ವರಕ್ಕೆ ಒದ್ದೆ ಬಟ್ಟೆ ಹಾಕಿರಲಿಲ್ಲ! ಬೆಕ್ಕಿನ ಮೇಲೂ ಹೊಟ್ಟೆ ಉರಿಯಿತು.

"ಅಜ್ಜಿಗೆ ನನ್ನನ್ನ ನೋಡ್ಬೇಕಂದ್ರೆ ಮೇಲೆ ಬರ್ಲಿ. ಮೆಟ್ಟಿಲು ಎಲ್ಲೂ ಹೋಗಿಲ್ಲ ಅಂತ ಹೇಳು."

ಪುಟ್ಟಿ ಅದನ್ನು ಬಾಯಿಪಾಠ ಮಾಡಿಕೊಂಡು ಇಳಿದು ಹೋದಳು. ಮಕ್ಕಳಿಗೆ ಹೇಳಿದ ಮಾತು ಎಷ್ಟು ಚೊಕ್ಕವಾಗಿ ತಲುಪಬಾರದ ಕಡೆ ತಲುಪುತ್ತದೆ ಎನ್ನುವುದು ಆಗ ಆಕೆಯ ತಲೆಗೆ ಹೊಳೆಯಲಿಲ್ಲ.

ಇನ್ನು ನೀರಿನ ಕಥೆ. ಮೇಲಿನ ಒರತೆಯಿಂದ ಪೈಪಿನಲ್ಲಿ ಬರುವ ನೀರು ಮೊದಲು ಮೇಲ್ಮನೆಯ ತೊಟ್ಟಿಗೆ ಬೀಳುತ್ತದೆ. ತೊಟ್ಟಿ ತುಂಬಿ ಉಕ್ಕಿದ್ದು ಇನ್ನೊಂದು ಪೈಪಿನಲ್ಲಿ ಕೆಳಮನೆಗೆ ಇಳಿಯುತ್ತದೆ. ಊರಿನಲ್ಲಿ ಎಲ್ಲ ಮನೆಗಳಿಗೂ ಹೀಗೇ, ಮೇಲಿನವರದು ಮಿಕ್ಕಿದ್ದು ಕೆಳಗಿನವರಿಗೆ. ಎಂಥ ಜಗಳವಾದರೂ ಮೇಲಿನವರು ಕೆಳಗಿನವರ ನೀರು ಕಟ್ಟುವಂತಿಲ್ಲ, ಕಟ್ಟಿದವರ ಮನೆಗೆ ಯಾರೂ ಕಾಲಿಡುವುದಿಲ್ಲ. ಮೇಲ್ಮನೆಯಕ್ಕ ನೀರು ಕಟ್ಟಲಿಲ್ಲ. ಅಷ್ಟು ದಡ್ಡಿಯಲ್ಲ ಆಕೆ. ಆಕೆ ಕಂಬಳಿ ಒಗೆಯಲು ಶುರು ಮಾಡಿದಳು.

ಬೆಳಿಗ್ಗೆ ಎಲ್ಲರೂ ಸ್ನಾನಕ್ಕೆ ಏಳುವ ಹೊತ್ತಿಗೆ ಸರಿಯಾಗಿ ತೊಟ್ಟಿಯಿಂದ ಮೊಗೆದು ಮೊಗೆದು ಹಾಕುವುದು, ಒಂದು ಕಂಬಳಿ ನೆನೆಸುವುದು, ತುಳಿಯುವುದು, ಜಾಲಿಸುವುದು. ತೊಟ್ಟಿ ಉಕ್ಕುವ ಮಾತೇ ಇಲ್ಲ. ಯಾರೂ ಹೊದೆಯದ ಕಂಬಳಿ, ಗೂಡಿನಲ್ಲಿ ಮಡಿಸಿಟ್ಟಿದ್ದ ಕಂಬಳಿ, ಅತ್ತೆಯ ಕಾಲದ ಕಂಬಳಿ ಎಲ್ಲ ತಂತಿಗೆ ಏರಿದವು. ಒಗೆಯುವುದಕ್ಕೆ ಯಾರ ಅಪ್ಪಣೆ ಬೇಕು? ಒದ್ದೆಯಾದ ಕಂಬಳಿ ಹಿಂಡುವುದೆಂದರೆ ಎಮ್ಮೆಯನ್ನು ಹಿಂಡಿದ ಹಾಗೆ. ಮಾರನೆಯ ದಿನಕ್ಕೆ ಆಕೆಯ ಸೊಂಟ ಹಿಡಿದುಕೊಂಡಿತು. ಆದರೂ ಬಿಡಲಿಲ್ಲ. ಅಂಗಡಿಯವನು ಮೆಟ್ಟಿಲ ಮೇಲೆ ನಿಂತು, "ಅಕ್ಕಾ, ಕಂಬಳಿ ಮುಗೀತು ಅಂದ್ರೆ ಹೇಳಿ. ಎದುರಿಗೆ ಬೆಟ್ಟ ಇದೆ, ಅದ್ನೂ ಒಂದು ಸಲ ಒಗ್ದು ಹಾಕ್ಬಿಡಿ," ಎಂದ. ಆಕೆ ಮೂಗು ಮುರಿದು ಇನ್ನೊಂದು ಚೆಂಬು ಮೊಗೆದಳು.

ಕೆಳಗೆ ವಾರಗಿತ್ತಿ ಕೊಡ ಹಿಡಿದು ಹಳ್ಳಕ್ಕೆ ಇಳಿದಳು. ಒಂದು ಸಲ, ಎರಡು ಸಲ, ಲೆಕ್ಕವಿಲ್ಲದಷ್ಟು ಸಲ. ಮೇಲೆ ಬಂದು ಯಾಕೆ ಎಂದು ಕೇಳಲಿಲ್ಲ. ಕೇಳಲಿ ಎಂದೇ ಮೇಲ್ಮನೆಯಕ್ಕ ಕಾದಿದ್ದಳು. ಕೇಳಿದರೆ ಹೇಳಲು ಬೇಕಾದಷ್ಟು ಮಾತು ತಯಾರಿದ್ದವು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಪುಟ್ಟಿಗೆ ಹಳ್ಳ ಸಿಕ್ಕಿಬಿಟ್ಟಿತ್ತು. ಅಪ್ಪ ಮಗಳು ಅಲ್ಲೇ ಸ್ನಾನ, ಅಲ್ಲೇ ಕಿರುಚಾಟ. ಮೇಷ್ಟ್ರ ಹೆಂಡತಿ ಕೂಡ ಚಪ್ಪಲಿ ಬಿಟ್ಟು ನೀರಿಗಿಳಿದು ನಗುತ್ತಿದ್ದರು. ನೀರು ತಪ್ಪಿಸಿದವಳು ತಾನು, ಸೊಂಟ ಹಿಡಿದುಕೊಂಡದ್ದು ತನ್ನದು, ಖುಷಿ ಮಾತ್ರ ಅವರದು. ಇಷ್ಟು ವರ್ಷ ತನ್ನ ಮನೆಯಲ್ಲಿದ್ದಾಗ ಯಾವತ್ತಾದರೂ ಇಷ್ಟು ನಕ್ಕಿದ್ದರೇ ಎಂದು ಆಕೆ ನೆನಪು ಮಾಡಿಕೊಳ್ಳಲು ನೋಡಿದಳು. ನಕ್ಕಿದ್ದರು. ಆದರೂ ಇದು ಜಾಸ್ತಿ ಅನಿಸಿತು.

ಹೀಗೇ ಒಂದು ಬೆಳಿಗ್ಗೆ ಕಂಬಳಿ ತುಳಿಯುತ್ತಿದ್ದಾಗ ಮೆಟ್ಟಿಲ ಕಡೆಯಿಂದ ಪುಟ್ಟಿಯ ಧ್ವನಿ ಕೇಳಿಸಿತು. ನಗುವಲ್ಲ, ಬೇರೆ ಥರದ ಧ್ವನಿ. ಮೇಲ್ಮನೆಯಕ್ಕ ಬಗ್ಗಿ ನೋಡಿದಳು. ನಡುಮೆಟ್ಟಿಲಲ್ಲಿ ಅಜ್ಜಿ ಕೂತಿದ್ದರು. ಒಂದು ಕೈಯಲ್ಲಿ ಗೋಡೆಯ ಕಲ್ಲು ಹಿಡಿದುಕೊಂಡಿದ್ದರು. ಮುಖ ಬಿಳಿಚಿತ್ತು. ಪಕ್ಕದಲ್ಲಿ ಪುಟ್ಟಿ ಅಳುಮುಖ ಮಾಡಿಕೊಂಡು ನಿಂತಿದ್ದಳು. ಆಕೆ ಒದ್ದೆ ಕಾಲಲ್ಲೇ ಇಳಿದು ಓಡಿದಳು.

"ಅಮ್ಮಾ! ಇದೇನಿದು?"

ಅಜ್ಜಿ ಉಸಿರು ತಿರುಗಿಸಿಕೊಂಡು ನಕ್ಕರು. "ಮೆಟ್ಟಿಲು ಎಲ್ಲೂ ಹೋಗಿಲ್ಲ ಅಂದ್ಯಂತೆ. ಸರಿ, ಮನೇಲಿ ಯಾರೂ ಇಲ್ಲದ ಹೊತ್ತು ನೋಡ್ಕೊಂಡು ಹೊರಟೆ. ಮೆಟ್ಟಿಲು ಇಲ್ಲೇ ಇದೆ ಕಣೇ. ನನ್ನ ಮೊಣಕಾಲೇ ಎಲ್ಲೋ ಹೋಗ್ಬಿಡ್ತು."

"ಮೊಣಕಾಲಿಗೆ ಏನಾಯ್ತು?"

"ಅಯ್ಯೋ, ನಿಂಗೆ ಗೊತ್ತಿಲ್ವಾ? ಎರಡೂ ಸವೆದು ಹೋಗಿದೆ, ಮೆಟ್ಟಿಲು ಹತ್ಲೇಬಾರ್ದು ಅಂದ್ರು ಡಾಕ್ಟ್ರು. ನಾನು ಇನ್ಮೇಲೆ ಈ ಕಡೆ ಬರಲ್ಲ, ನೀವು ಹೋಗ್ಬನ್ನಿ ಅಂದೆ. ಮಗ ಕೇಳ್ಲಿಲ್ಲ. ನಿಮ್ಮೆಜಮಾನ್ರಿಗೆ ಫೋನ್ ಮಾಡ್ದ. ಅವ್ರೇ ಅಲ್ವಾ ಕೆಳಗಿನ ಮನೇಲಿ ನಂಗೋಸ್ಕರ ಕೂತ್ಕೊಳ್ಳೋ ಕಮೋಡು, ಗೋಡೆಗೆ ಹಿಡಿ, ಎಲ್ಲಾ ಮಾಡಿದ್ದು? ನಮ್ಮವಳಿಗೆ ನಾನೇ ನಿಧಾನಕ್ಕೆ ಹೇಳ್ತೀನಿ ಅಂದ್ರಂತಲ್ಲ."

ನಿಧಾನಕ್ಕೆ! ಮೇಲ್ಮನೆಯಕ್ಕ ತಿರುಗಿ ನೋಡಿದಳು. ಮೇಲೆ ಕೆಲಸದ ಕೊಟ್ಟಿಗೆಯ ಮೂಲೆಯಿಂದ ಇಣುಕುತ್ತಿದ್ದ ಗಂಡನ ತಲೆ ಸರಕ್ಕನೆ ಒಳಗೆ ಹೋಯಿತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಚಳಿಗಾಲವೆಲ್ಲ ಕಳೆದಿದ್ದಾನೆ ಪುಣ್ಯಾತ್ಮ. ಜೀಪು ಬಂದ ದಿನ ಗುಡ್ಡ ಹತ್ತಿ ಓಡಿದ್ದೂ ಅದಕ್ಕೇ.

"ನೀನು ಬಂದು ನನ್ನ ಪಕ್ಕ ಕೂರ್ತೀಯ ಅಂತ ದಿನಾ ಕಾದೆ," ಎಂದರು ಅಜ್ಜಿ. ಈ ಸಲ ನಗಲಿಲ್ಲ. "ಬೆಟ್ಟ ಕಾಣದಿದ್ರೆ ಹೋಗ್ಲಿ, ನೀನಾದ್ರೂ ಕಾಣ್ತೀಯ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಹಳ್ಳದಿಂದ ಬರುತ್ತಿದ್ದ ವಾರಗಿತ್ತಿ ಇವರನ್ನು ಕಂಡು ಕೊಡ ಅಲ್ಲೇ ಇಟ್ಟು ಓಡಿ ಬಂದಳು. ಇಬ್ಬರೂ ಮುಖ ಮುಖ ನೋಡಲಿಲ್ಲ. ಅಜ್ಜಿಯನ್ನು ನಡೆಸಿಕೊಂಡು ಹೋಗುವ ಹಾಗಿರಲಿಲ್ಲ. ಮಕ್ಕಳು ಆಟದಲ್ಲಿ ಮಾಡುತ್ತಾರಲ್ಲ, ಹಾಗೆ ಕೈಗೆ ಕೈ ಹೆಣೆದು ಕುರ್ಚಿ ಮಾಡಿ ಅಜ್ಜಿಯನ್ನು ಕೂರಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ವಾರಗಿತ್ತಿಯ ಅಂಗೈ ಮೇಲ್ಮನೆಯಕ್ಕನ ಮಣಿಕಟ್ಟಿನ ಮೇಲಿತ್ತು. ಕೊಡದ ಕಂಠ ಹಿಡಿದು ಹಿಡಿದು ಅಂಗೈ ತುಂಬ ಬೊಬ್ಬೆ ಎದ್ದಿದ್ದವು, ಕೆಲವು ಒಡೆದಿದ್ದವು. ಕೈ ಬಿಡುವಂತಿರಲಿಲ್ಲ. ಕೆಳಮನೆಯ ಹೊಸ್ತಿಲು ಮುಟ್ಟುವತನಕ ಆಕೆ ಅದನ್ನು ಹಿಡಿದುಕೊಂಡೇ ಇಳಿಯಬೇಕಾಯಿತು.

ಅಜ್ಜಿಯನ್ನು ಮಲಗಿಸಿ ಮೇಲ್ಮನೆಯಕ್ಕ ರೂಮು ನೋಡಿದಳು. ಮಂಚ ತಗ್ಗು ಮಾಡಿದ್ದರು. ಗೋಡೆಯುದ್ದಕ್ಕೂ ಕೈಗೆ ಸಿಗುವ ಎತ್ತರಕ್ಕೆ ಮರದ ಹಿಡಿ ಹಾಕಿದ್ದರು. ಮರ ಯಾವುದೆಂದು ಆಕೆಗೆ ಕಂಡ ಕೂಡಲೇ ತಿಳಿಯಿತು. ಆಕೆಯ ಬೀರುವಿಗೆಂದು ಗಂಡ ಎತ್ತಿಟ್ಟಿದ್ದ ಮರ. ಅಷ್ಟೊಂದು ಆಗಿ ಹೋದ ಮೇಲೂ ಆ ಹಿಡಿಯ ನುಣುಪು ಕಂಡು ಹೊಟ್ಟೆಯೊಳಗೆ ಒಂದು ಸಲ ಚುರ್ ಎಂದಿತು.

ವಾರಗಿತ್ತಿ ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದಳು, ಬೊಗಸೆಯಷ್ಟೇ ನೀರಿನಲ್ಲಿ. ಮೇಲ್ಮನೆಯಕ್ಕ ಹೋಗಿ ಪಕ್ಕ ನಿಂತಳು.

"ನೀರಿಲ್ಲ ಅಂತ ಬಂದು ಕೇಳ್ಬಾರ್ದಿತ್ತೇನೇ?"

"ಕೇಳೋದು ಹೇಗೆ ಅಕ್ಕ?" ಅವಳು ತಲೆ ಎತ್ತಲಿಲ್ಲ. "ನೀವೇ ಒಪ್ಪಿ ಕಳ್ಸಿದೀರಿ ಅಂತ ಭಾವ ಅಂದಿದ್ರು. ನೀರು ನಿಂತಾಗ ನಿಮ್ಗೆ ಇಷ್ಟ ಇಲ್ಲ ಅಂತ ಗೊತ್ತಾಯ್ತು. ಬಂದು ಕೇಳಿದ್ರೆ ನೀವು, ನನ್ನ ಜನಾನ ವಾಪಸ್ ಕಳ್ಸು ಅಂತಿದ್ರಿ. ಅದಕ್ಕೇ ಬರ್ಲಿಲ್ಲ. ಹಳ್ಳದ ನೀರೇ ವಾಸಿ ಅಂದ್ಕೊಂಡೆ."

"ಅಷ್ಟು ಆಸೆ ಇತ್ತಾ ನಿಂಗೆ?"

ವಾರಗಿತ್ತಿ ಲೋಟ ಕೆಳಗಿಟ್ಟಳು. ಆಮೇಲೆ, ಮದುವೆಯಾಗಿ ಬಂದಾಗಿನಿಂದ ಆಡದಷ್ಟು ಮಾತು ಒಂದೇ ಉಸಿರಿಗೆ ಆಡಿದಳು. "ಪ್ರತಿ ವರ್ಷ ಅವ್ರು ನನ್ನ ಬಾಗ್ಲು ಮುಂದೇನೇ ಹತ್ಕೊಂಡು ಹೋಗ್ತಿದ್ರು ಅಕ್ಕ. ಪುಟ್ಟಿ ಸಣ್ಣೋಳಿದ್ದಾಗ ಸುಸ್ತಾಗಿ ನನ್ನ ಜಗಲಿ ಮೇಲೆ ಕೂತ್ಬಿಡ್ತಿದ್ಲು. ನೀರು ಬೇಕು ಅಂತಿದ್ಲು. ಕೊಟ್ರೆ ನೀವೇನು ಅಂದ್ಕೊತೀರೋ ಅಂತ ನಾನು ಒಳಗೆ ಹೋಗಿ ಬಾಗ್ಲು ಹಾಕ್ಕೊಳ್ತಿದ್ದೆ. ಅಲ್ಲೇ ನಿಂತ್ಕೊಂಡು ನಿಮ್ಮನೇಲಿ ಅವರು ನಗೋದು ಕೇಳಿಸ್ಕೊಳ್ತಿದ್ದೆ. ಊರೆಲ್ಲ ಮೇಲ್ಮನೆಯಕ್ಕನಿಗೆ ಹೊಟ್ಟೆಕಿಚ್ಚು ಅಂತ ನಗ್ತಾರೆ. ನೀವೂ ನಗ್ತೀರಿ. ನಂಗೆ ಹಾಗೆ ಬಾಯಿಬಿಟ್ಟು ಹೇಳ್ಕೊಳ್ಳೋಕೂ ಬರಲ್ಲ."

ಮೇಲ್ಮನೆಯಕ್ಕ ಮೇಲೆ ಹೋಗಿ, ನೆನೆದು ಬಿದ್ದಿದ್ದ ಕಂಬಳಿಯನ್ನು ಹಾಗೇ ಬಿಟ್ಟು ತೊಟ್ಟಿಯ ಪಕ್ಕ ಕೂತಳು. ತೊಟ್ಟಿ ನಿಧಾನಕ್ಕೆ ತುಂಬಿ, ಉಕ್ಕಿ, ಕೆಳಗಿನ ಪೈಪಿಗೆ ನೀರು ಬಿದ್ದ ಸದ್ದು ಕೇಳುವವರೆಗೂ ಏಳಲಿಲ್ಲ. ಆಮೇಲೆ ಎದ್ದು ಗಂಡನನ್ನು ಹುಡುಕಿಕೊಂಡು ಕೊಟ್ಟಿಗೆಗೆ ಹೋದಳು. ಅಲ್ಲಿ ನಡೆದದ್ದು ಇಡೀ ಊರಿಗೆ ಕೇಳಿಸಿತು. ಜೀಪಿನಿಂದ ಇಳಿಯುತ್ತಿದ್ದ ಹೊಸಬರು ಯಾರೋ ಆವತ್ತು ನಿಶ್ಶಬ್ದದ ಬಗ್ಗೆ ಏನೂ ಹೇಳಲಿಲ್ಲವಂತೆ.

ಉಳಿದ ದಿನಗಳು ಆಕೆ ದಿನಾ ಕೆಳಗಿಳಿದು ಅಜ್ಜಿಯ ಪಕ್ಕ ಕೂತಳು. ವಾರಗಿತ್ತಿ ಕೊಟ್ಟ ಟೀ ಕುಡಿದಳು. ಟೀ ಚೆನ್ನಾಗಿತ್ತು, ಅದು ಅಷ್ಟು ಚೆನ್ನಾಗಿರಬೇಕಾಗಿರಲಿಲ್ಲ. ಪುಟ್ಟಿ "ಚಿಕ್ಕಮ್ಮಾ" ಎಂದಾಗೆಲ್ಲ ಆಕೆಗೆ ಕಿವಿಯಲ್ಲಿ ಮುಳ್ಳು ಆಡಿಸಿದ ಹಾಗಾಗುತ್ತಿತ್ತು. ಅಜ್ಜಿ ಇರುವತನಕ ಇನ್ನು ಹೀಗೇ, ಅವರು ಕೆಳಗೆ ತಾನು ಮೇಲೆ ಎನ್ನುವುದು ತಿಳಿದಿತ್ತು. ತಿಳಿದದ್ದಕ್ಕೆ ಉರಿ ಏನೂ ಕಡಿಮೆಯಾಗಲಿಲ್ಲ. ಹೊರಡುವ ದಿನ ಚೀಲವನ್ನು ಜೀಪಿಗೆ ಇಟ್ಟವಳು ವಾರಗಿತ್ತಿ. ಮೇಲ್ಮನೆಯಕ್ಕ ಅಜ್ಜಿಯ ಕೈ ಹಿಡಿದುಕೊಂಡಿದ್ದಳು.

ಮರುವರ್ಷ ಅವರು ಬರುವ ದಿನ ಆಕೆ ಜಗಲಿಯಲ್ಲಿ ಕಾಯಲಿಲ್ಲ, ಜೀಪು ನಿಲ್ಲುವ ಜಾಗಕ್ಕೇ ಇಳಿದು ಹೋದಳು. ವಾರಗಿತ್ತಿ ರೂಮು ಗುಡಿಸಿ ಒರೆಸಿ, ಹಾಸಿಗೆ ಹಾಸಿ, ಬಾಗಿಲಲ್ಲಿ ನಿಂತಿದ್ದಳು. ಜೀಪು ಬಂತು. ಮೇಷ್ಟ್ರು ಇಳಿದರು, ಹೆಂಡತಿ ಇಳಿದರು, ಪುಟ್ಟಿ ಇಳಿದಳು. ಮೇಲ್ಮನೆಯಕ್ಕ ಅಜ್ಜಿಯನ್ನು ಇಳಿಸಲು ಜೀಪಿನೊಳಗೆ ಕೈ ಚಾಚಿದಳು. ಒಳಗೆ ಯಾರೂ ಇರಲಿಲ್ಲ.

"ಮಳೆಗಾಲದಲ್ಲಿ ಹೋಗ್ಬಿಟ್ರು ಅಕ್ಕ," ಎಂದರು ಮೇಷ್ಟ್ರು.

ಪುಟ್ಟಿ ಬಂದು ಆಕೆಯ ಸೊಂಟಕ್ಕೆ ಮುಖ ಒತ್ತಿ ನಿಂತಳು. ಆಕೆ ಅವಳ ತಲೆಯ ಮೇಲೆ ಕೈ ಇಟ್ಟಳು. ಆಮೇಲೆ ಮೇಷ್ಟ್ರು ಕಣ್ಣು ಒರೆಸಿಕೊಂಡು, ಸುಮ್ಮನೆ ಮಾತು ಬದಲಿಸುವುದಕ್ಕೆಂದು ಹೇಳಿದರು: "ಇನ್ನೇನು, ನಮ್ಗೆ ಮೆಟ್ಟಿಲಿನ ತೊಂದ್ರೆ ಇಲ್ಲ. ಮೇಲೆ ನಮ್ಮ ಹಳೇ ರೂಮಿಗೇ ಬಂದ್ಬಿಡ್ತೀವಿ."

ಆಕೆಯ ಎದೆ ಹಿಗ್ಗಿತು. ಸುಳ್ಳೇಕೆ, ಆ ದುಃಖದ ನಡುವೆಯೂ ಹಿಗ್ಗಿತು. ಮೇಲೆ ಎರಡು ರೂಮೂ ಚೊಕ್ಕಟವಾಗಿದ್ದವು, ಆ ವಾರ ಯಾರೂ ಬರುವವರಿರಲಿಲ್ಲ. ನನ್ನ ಜನ, ನನ್ನ ಮನೆಗೆ, ಊರೆಲ್ಲ ನೋಡುತ್ತಿರುವಂತೆ! ಚೀಲಕ್ಕೆ ಕೈ ಹಾಕುವುದೊಂದು ಬಾಕಿ. ಹಾಕುವ ಮೊದಲು ಆಕೆ ವಾರಗಿತ್ತಿಯ ಕಡೆ ನೋಡಿದಳು. ನೋಡದೆ ಇರಬಹುದಿತ್ತು. ವಾರಗಿತ್ತಿ ಚೀಲದಿಂದ ದೂರ ಸರಿದು ನಿಂತಿದ್ದಳು. ಯಾರನ್ನೂ ನೋಡದೆ, ಏನೂ ಆಗಿಲ್ಲವೆಂಬಂತೆ, ತನ್ನ ಮನೆಯ ಕಡೆ ತಿರುಗಿ ಬಾಗಿಲು ಮುಂದಕ್ಕೆ ಎಳೆದುಕೊಳ್ಳಲು ಹೊರಟಿದ್ದಳು.

"ಮೇಲೆ ಜಾಗ ಇಲ್ಲ ಮೇಷ್ಟ್ರೇ," ಎಂದುಬಿಟ್ಟಳು ಮೇಲ್ಮನೆಯಕ್ಕ. "ಯಾರೋ ದೊಡ್ಡ ಸಂಸಾರ ಬಂದು ಎರಡೂ ರೂಮು ಹಿಡ್ಕೊಂಡಿದಾರೆ. ನೀವು ಇಲ್ಲೇ ಇಳ್ಕೊಳ್ಳಿ."

ವಾರಗಿತ್ತಿ ತಿರುಗಿ ನೋಡಿದಳು. ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿದವರು ಯಾರೂ ಇಲ್ಲವೆನ್ನುವುದು ಆ ಬಾಗಿಲಲ್ಲಿ ನಿಂತವಳಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ?

"ಏನ್ ನೋಡ್ತಾ ನಿಂತೆ? ಮಗು ದೂರದಿಂದ ಬಂದಿದೆ. ಮೊದ್ಲು ಕುಡಿಯೋಕೆ ನೀರು ಕೊಡು," ಎಂದು ಗದರಿಸಿ ಆಕೆ ಮೆಟ್ಟಿಲು ಹತ್ತತೊಡಗಿದಳು. ಹಿಂದೆ ಪುಟ್ಟಿ "ಚಿಕ್ಕಮ್ಮಾ" ಎಂದದ್ದು ಕೇಳಿಸಿತು. ಹೊಟ್ಟೆ ಉರಿಯಿತು. ಹೋದ ವರ್ಷದಷ್ಟೇ ಉರಿಯಿತು, ಬೇಕಾದರೆ ಇನ್ನೂ ಒಂದು ಹಿಡಿ ಜಾಸ್ತಿಯೇ. ಆಕೆ ಹಿಂತಿರುಗಿ ನೋಡಲಿಲ್ಲ.

ಸಂಜೆಯಾಗುತ್ತಿದ್ದಂತೆ ಗಂಡ ಕೆಲಸ ಮುಗಿಸಿ ಬಂದು ನೋಡುತ್ತಾನೆ, ಅತಿಥಿಗಳಿಲ್ಲದ ಎರಡೂ ರೂಮಿನಲ್ಲಿ ದೀಪ ಉರಿಯುತ್ತಿದೆ. ಹೆಂಡತಿ ಒಂದು ರೂಮಿನ ಕಿಟಕಿಯ ಪರದೆ ಎಳೆಯುತ್ತಿದ್ದಾಳೆ.

"ಯಾರೇ ಬಂದಿರೋದು?"

"ಯಾರೂ ಇಲ್ಲ. ಮೆತ್ತಗೆ ಮಾತಾಡಿ," ಎಂದಳು ಆಕೆ. "ಕೆಳಗೆ ಕೇಳ್ಸುತ್ತೆ."